ಗೇಣಿ ಒಕ್ಕಲಿಗೂ ವಂಶವೃಕ್ಷ ಉಂಟು

ವಂಶದ ಚರಿತ್ರೆ ಬರೆಯುವುದು ಗುತ್ತಿನ ಮನೆಯವರ ಕೆಲಸ ಅಂತ ನಮ್ಮ ಕಡೆ ಒಂದು ಭಾವನೆ ಉಂಟು. ಅವರಿಗಾದರೆ ಹಳೆಯ ಕಡತ, ಪಟ್ಟದ ಹೆಸರು ಎಲ್ಲ ಇದೆ. ಧರ್ಮಸ್ಥಳದ ಹತ್ತಿರ ಚಾಲಗೇಣಿಗೆ ಗದ್ದೆ ಮಾಡಿಕೊಂಡಿದ್ದ ನನ್ನ ಅಜ್ಜನಿಗೆ ಏನಿತ್ತು? ಗದ್ದೆ ಧನಿಗಳದ್ದು, ಪಟ್ಟೆಯಲ್ಲಿ ಹೆಸರೂ ಅವರದ್ದೇ. ವರ್ಷ ವರ್ಷ ಗೇಣಿ ಅಕ್ಕಿಯ ಮುಡಿ ಹೊತ್ತದ್ದು ಮಾತ್ರ ಅಜ್ಜ.

ಹಾಗಂತ ಒಕ್ಕಲಿಗೆ ಚರಿತ್ರೆಯೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣೆ ಕಾಯಿದೆಗೆ ತಿದ್ದುಪಡಿಯಾಗಿ, 1974ರ ಮಾರ್ಚ್ 1ಕ್ಕೆ ಗೇಣಿ ಜಮೀನು ಸರಕಾರಕ್ಕೆ ಸೇರಿತು. ಆಮೇಲೆ ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಕೊಟ್ಟರಲ್ಲ, ಊರಲ್ಲಿ 'ಡಿಕ್ಲರೇಶನ್' ಅನ್ನುತ್ತಾರೆ, ನಮ್ಮ ಮನೆಯಲ್ಲಿ ಅಜ್ಜನ ಹೆಸರು ಮೊದಲು ಕಾಗದಕ್ಕೆ ಹತ್ತಿದ್ದು ಅದರಲ್ಲೇ. ಭೂನ್ಯಾಯಮಂಡಳಿಯ ಮುಂದೆ ಅವರು ಕೊಟ್ಟ ಹೇಳಿಕೆಗಿಂತ ದೊಡ್ಡ ದಾಖಲೆ ಬೇಕಾ?

ಅಲ್ಲೂ ಕಾಣಿಸದ್ದು ಅಜ್ಜಿಯ ಹೆಸರು. ನೇಜಿ ನೆಟ್ಟದ್ದು ಅವರು. ನಮ್ಮಂಥ ಅಳಿಯಸಂತಾನದ ಮನೆಗಳಲ್ಲಿ 'ಬರಿ' ಬರುವುದೂ ತಾಯಿಯ ಕಡೆಯಿಂದಲೇ. ಇದಕ್ಕೆ ಕಡತ ಇಲ್ಲ, ಹಿರಿಯರನ್ನು ಕೇಳಿಯೇ ಬರೆಯಬೇಕು.

1974ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಗುತ್ತಿನ ಚರಿತ್ರೆ ಕಾಯುತ್ತದೆ, ಇದು ಕಾಯುವುದಿಲ್ಲ. ನಿಮ್ಮ ಮನೆಯ ಡಿಕ್ಲರೇಶನ್ ಕಥೆಯನ್ನೂ ಬರೆದು ಹಾಕಿ ಮಾರಾಯ್ರೆ. ಏನಂತೀರಿ?