ಚಿತ್ರವೇ ಇಲ್ಲದ ಆಟ

ಮಕ್ಕಳೇ, ನನ್ನ ಅಚ್ಚುಮೆಚ್ಚಿನ ಕಂಪ್ಯೂಟರ್ ಆಟದಲ್ಲಿ ಒಂದೂ ಚಿತ್ರವಿಲ್ಲ! ಅದರ ಹೆಸರು ‘ಕೊಲಾಸಲ್ ಕೇವ್ ಅಡ್ವೆಂಚರ್’. ಬರೆದವರು ಅಮೆರಿಕದ ವಿಲ್ ಕ್ರೌಥರ್. ಗುಹೆಗಳಲ್ಲಿ ತಿರುಗಾಡುವುದು ಅವರ ಹವ್ಯಾಸ. ಹೆಂಡತಿಯಿಂದ ಬೇರೆಯಾದ ಮೇಲೆ, ಹೆಣ್ಣುಮಕ್ಕಳು ತಮ್ಮಿಂದ ದೂರವಾಗದಿರಲೆಂದು 1970ರ ದಶಕದ ನಡುವೆ ಈ ಆಟ ಕಟ್ಟಿದರು. ಕೆಂಟಕಿಯ ಮ್ಯಾಮತ್ ಗುಹೆಯೇ ಇದಕ್ಕೆ ಮಾದರಿ.

‘ದೀಪ ತಗೋ’ ಎಂಬಂತೆ ಇಂಗ್ಲಿಷಿನಲ್ಲಿ ಒಂದೆರಡು ಪದ ಟೈಪ್ ಮಾಡಿದರೆ ಸಾಕು, ಮುಂದೇನಾಯಿತೆಂದು ಆಟವೇ ಹೇಳುತ್ತದೆ. ಒಂದೇ ತರಹದ ದಾರಿಗಳ ಚಕ್ರವ್ಯೂಹದಲ್ಲಿ ನಾನು ಎಷ್ಟೋ ಸಲ ಸಿಕ್ಕಿಬಿದ್ದೆ. ಕೊನೆಗೆ ಹೋದಲ್ಲೆಲ್ಲ ಒಂದೊಂದು ವಸ್ತು ಗುರುತಿಗೆ ಇಟ್ಟು, ಕಾಗದದಲ್ಲಿ ನಕ್ಷೆ ಬರೆದುಕೊಂಡೆ. ದಾರಿ ಸಿಕ್ಕಿತು!

ಈ ಭಾನುವಾರ ಅಪ್ಪನನ್ನೋ ಅಮ್ಮನನ್ನೋ ಪಕ್ಕದಲ್ಲಿ ಕೂರಿಸಿಕೊಂಡು ಆಡಿ. ಪೆನ್ಸಿಲ್ ಮರೆಯಬೇಡಿ.