ಬಾಣಂತಿಯ ಬೈತಲೆ

2023ರ ಜನವರಿಯಲ್ಲಿ ನಮ್ಮ ಕೂಟದ ಸಂಕ್ರಾಂತಿ ಸಮಾರಂಭಕ್ಕೆ ನಾಲ್ಕು ತಿಂಗಳ ಮಗಳನ್ನು ಎತ್ತಿಕೊಂಡು ಹೋಗಿದ್ದೆ. ಬಾಗಿಲಲ್ಲಿ ಎಳ್ಳು ಬೆಲ್ಲ ಕೊಡುತ್ತಿದ್ದ ಹಿರಿಯರೊಬ್ಬರು, ನಾನು ಬಹಳ ಗೌರವಿಸುವವರು, ಮಗುವಿನ ಕೆನ್ನೆ ಸವರಿ, ಆಮೇಲೆ ನನ್ನ ತಲೆ ನೋಡಿ, "ಅಯ್ಯೋ, ಏನೇ ಇದು! ಸೀಮಂತದಲ್ಲಿ ಮೊಗ್ಗಿನ ಜಡೆ ಹಾಕಿದಾಗ ಎಷ್ಟು ದಪ್ಪ ಇತ್ತು! ಈಗ ಬೈತಲೆ ರಸ್ತೆ ಆದ ಹಾಗೆ ಆಗಿದೆಯಲ್ಲೇ!" ಎಂದರು. ಅಲ್ಲಿಂದ ಊಟದ ಸಾಲಿಗೆ ಹೋಗಿ ನಿಲ್ಲುವಷ್ಟರಲ್ಲಿ ನನಗೆ ಐದು ಔಷಧಿಗಳು ಸಿಕ್ಕಿದ್ದವು: ಹರಳೆಣ್ಣೆ, ದಾಸವಾಳದ ಎಲೆ, ನೆನೆಸಿ ಅರೆದ ಮೆಂತ್ಯ, ಗರುಗದ ಸೊಪ್ಪಿನ ಎಣ್ಣೆ, ಮತ್ತು ಗೆಳತಿಯೊಬ್ಬಳು ಹೇಳಿದ ಬಯೋಟಿನ್ ಮಾತ್ರೆ. ಎಲ್ಲರಿಗೂ ನಗುತ್ತಲೇ ಉತ್ತರ ಕೊಟ್ಟೆ. ಮನೆಗೆ ಬಂದು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಕೂದಲಿಗಾಗಿ ಅಳುವುದೇ ಎಂದು ನೀವು ಕೇಳಬಹುದು. ನಾನೂ ನನ್ನನ್ನು ಹಾಗೆಯೇ ಕೇಳಿಕೊಂಡೆ. ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ, ದಿನವಿಡೀ ಪ್ರಯೋಗಶಾಲೆಯಲ್ಲಿ ಇರುವವಳು ನಾನು. ಆದರೆ ಸ್ನಾನ ಮಾಡಿದಾಗಲೆಲ್ಲ ಮೋರಿಯ ಜಾಲರಿಯ ಮೇಲೆ ಕೈತುಂಬ ಕೂದಲು ನೋಡುವಾಗ ಯಾವ ಡಿಗ್ರಿಯೂ ನೆರವಿಗೆ ಬರುವುದಿಲ್ಲ. ಈ ಅನುಭವ ನನ್ನೊಬ್ಬಳದಲ್ಲ ಎಂದು ಆಮೇಲೆ ಗೊತ್ತಾಯಿತು. ಆದ್ದರಿಂದಲೇ ಸಂಪಾದಕರನ್ನು ಕೇಳಿ ಈ ಪುಟಗಳನ್ನು ಪಡೆದಿದ್ದೇನೆ.

ಮೊದಲು ನಡೆಯುವುದೇನು ಎಂದು ಹೇಳುತ್ತೇನೆ. ನಾನು ವೈದ್ಯೆಯಲ್ಲ, ಇದು ವೈದ್ಯರು ಒಪ್ಪಿರುವ ಸಾಮಾನ್ಯ ತಿಳಿವಳಿಕೆ. ನಮ್ಮ ತಲೆಯ ಮೇಲೆ ಸುಮಾರು 1 ಲಕ್ಷ ಕೂದಲುಗಳಿರುತ್ತವೆ. ಒಂದೊಂದು ಕೂದಲೂ ಕೆಲವು ವರ್ಷ ಬೆಳೆದು, ಎರಡು ಮೂರು ತಿಂಗಳು ವಿಶ್ರಾಂತಿಯಲ್ಲಿದ್ದು, ಉದುರುತ್ತದೆ. ಅದೇ ಜಾಗದಲ್ಲಿ ಇನ್ನೊಂದು ಹುಟ್ಟುತ್ತದೆ. ಹೀಗೆ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಬಸುರಿನಲ್ಲಿ ಈಸ್ಟ್ರೋಜನ್ ಏರಿರುವುದರಿಂದ ಕೂದಲು ಬೆಳೆಯುವ ಅವಧಿ ಉದ್ದವಾಗುತ್ತದೆ, ಉದುರಬೇಕಾದವು ಉದುರದೆ ಉಳಿಯುತ್ತವೆ. ಸೀಮಂತದ ಫೋಟೋದಲ್ಲಿ ಜಡೆ ಅಷ್ಟು ದಪ್ಪ ಕಾಣುವುದು ಅದಕ್ಕೇ. ಹೆರಿಗೆಯಾದೊಡನೆ ಈಸ್ಟ್ರೋಜನ್ ಇಳಿಯುತ್ತದೆ. ಉಳಿದಿದ್ದ ಕೂದಲೆಲ್ಲ ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತವೆ. ಮೂರು ತಿಂಗಳಾಗುವಾಗ ಒಟ್ಟಿಗೇ ಉದುರಲು ತೊಡಗುತ್ತವೆ. ಈ ಬಗೆಯ ಉದುರುವಿಕೆಗೆ 1961ರಲ್ಲಿ ಟೆಲೋಜನ್ ಎಫ್ಲುವಿಯಮ್ ಎಂದು ಹೆಸರಿಟ್ಟವರು ಅಮೆರಿಕದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್ಮನ್.

ಮೈಸೂರಿನಿಂದ ಫೋನಿನಲ್ಲಿ ನಮ್ಮತ್ತೆ ಹೇಳಿದ್ದರು: "ಮಗು ಮುಖ ನೋಡಿ ನಗೋಕೆ ಶುರು ಮಾಡಿತಾ? ಹಾಗಾದ್ರೆ ಇನ್ನು ನಿನ್ನ ಕೂದಲು ಉದುರುತ್ತೆ, ಹೆದರಬೇಡಮ್ಮ." ಕಾರಣ ಮಗುವಿನ ನಗೆಯಲ್ಲ ನಿಜ. ಆದರೆ ಹೊತ್ತನ್ನು ಎಷ್ಟು ಸರಿಯಾಗಿ ಗಮನಿಸಿದ್ದಾರೆ ನೋಡಿ! ಕ್ಲಿಗ್ಮನ್ ಅವರ ಹೆಸರು ಕೇಳದ ಅಜ್ಜಿಯರಿಗೆ ಮೂರು ತಿಂಗಳ ಲೆಕ್ಕ ಗೊತ್ತಿತ್ತು.

ಉದುರಿದ ಕೂದಲಿನ ತುದಿಯಲ್ಲಿ ಸಣ್ಣ ಬಿಳಿ ಗುಂಡು ಕಾಣುತ್ತದಲ್ಲ, ಅದನ್ನು ನೋಡಿ ಬೇರು ಸಮೇತ ಕಿತ್ತು ಬಂತೆಂದು ಹೆದರಬೇಕಾಗಿಲ್ಲ. ಬೇರು ಚರ್ಮದೊಳಗೇ ಇರುತ್ತದೆ. ಬಹುಪಾಲು ತಾಯಂದಿರಿಗೆ ಮಗುವಿನ ಮೊದಲ ಹುಟ್ಟುಹಬ್ಬದ ಹೊತ್ತಿಗೆ ಕೂದಲು ಮೊದಲಿನಂತೆ ತುಂಬಿಕೊಳ್ಳುತ್ತದೆ. ಆದರೆ ಇಲ್ಲೊಂದು ಮಾತು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಸೊಂಟದವರೆಗೆ ಜಡೆ ಬಿಡುವ ನಮ್ಮಂಥವರಿಗೆ ಹೊಸ ಕೂದಲು 60 ಸೆಂಟಿಮೀಟರ್ ಆಗಲು ಐದು ವರ್ಷ ಬೇಕು. ಅಷ್ಟರವರೆಗೆ ಹಣೆಯ ಮೇಲೆ ಗರಿಕೆಯಂತೆ ನಿಂತಿರುವ ಪುಟ್ಟ ಕೂದಲುಗಳು ಕೆಟ್ಟ ಸೂಚನೆಯಲ್ಲ, ಒಳ್ಳೆಯ ಸೂಚನೆ.

ಎಣ್ಣೆಯ ವಿಷಯಕ್ಕೆ ಬರೋಣ. ಎಣ್ಣೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚಾಗಿರುವ ಲಾರಿಕ್ ಆಮ್ಲದ ಅಣು ಚಿಕ್ಕದು, ನೇರವಾದದ್ದು. ಅದು ಕೂದಲಿನ ಒಳಕ್ಕೆ ಇಳಿಯಬಲ್ಲದು. ತೊಳೆಯುವಾಗ, ಬಾಚುವಾಗ ಕೂದಲಿನಿಂದ ಪ್ರೋಟೀನು ನಷ್ಟವಾಗುವುದನ್ನು ಅದು ಕಡಿಮೆ ಮಾಡುತ್ತದೆಂದು, ಖನಿಜ ತೈಲ ಮತ್ತು ಸೂರ್ಯಕಾಂತಿ ಎಣ್ಣೆ ಹಾಗೆ ಮಾಡಲಾರವೆಂದು ಮುಂಬಯಿಯ ಸಂಶೋಧಕರು 2003ರಲ್ಲಿ ಪ್ರಕಟಿಸಿದರು. ಅಂದರೆ ಇರುವ ಕೂದಲನ್ನು ಎಣ್ಣೆ ಕಾಪಾಡುತ್ತದೆ. ವಿಶ್ರಾಂತಿಗೆ ಹೋದ ಕೂದಲನ್ನು ಅದು ಹಿಡಿದು ನಿಲ್ಲಿಸಲಾರದು. ಅಮ್ಮ ತಲೆಗೆ ಎಣ್ಣೆ ಒತ್ತುವುದರಲ್ಲಿ ಇನ್ನೊಂದು ಸುಖವಿದೆ. ಅದು ಎಣ್ಣೆಯದಲ್ಲ, ಅಮ್ಮನ ಕೈಯದು. ನನ್ನ ಪಾಲಿಗೆ ಆ ಕೈ ಇರಲಿಲ್ಲ. 2022ರಲ್ಲಿ ಭಾರತದಿಂದ ಅಮೆರಿಕಕ್ಕೆ ಬರುವ ತಂದೆತಾಯಿಯರು ವೀಸಾ ಸಂದರ್ಶನದ ದಿನಕ್ಕೆ ವರ್ಷಕ್ಕೂ ಮೀರಿ ಕಾಯಬೇಕಿತ್ತು. ಅಮ್ಮನ ಸರದಿ ಬರುವಷ್ಟರಲ್ಲಿ ಮಗಳು ನಡೆಯುತ್ತಿದ್ದಳು. ನನ್ನ ಬಾಣಂತನ ಮಾಡಿದವರು ನಮ್ಮ ಮನೆಯವರು. ಮೆಣಸಿನ ಸಾರು ಕಲಿತರು, ಮಗುವಿಗೆ ನೀರು ಹಾಕುವುದು ಕಲಿತರು, ಪಾಪ. ಹನ್ನೆರಡು ವಾರಕ್ಕೆ ನನ್ನ ರಜೆ ಮುಗಿಯಿತು. ಕೆಲಸಕ್ಕೆ ಮರಳಿದ ವಾರವೇ ಕೂದಲು ಉದುರಲು ಆರಂಭವಾಯಿತು.

ಫೆಬ್ರವರಿಯ ಒಂದು ಸಂಜೆ ಮಗಳು ಅಳು ನಿಲ್ಲಿಸಲಿಲ್ಲ. ಹೊಟ್ಟೆನೋವೆಂದು ಹೊಕ್ಕುಳ ಸುತ್ತ ಇಂಗು ಹಚ್ಚಿದೆವು, ಹೆಗಲಿಗೆ ಹಾಕಿಕೊಂಡು ತಿರುಗಿದೆವು. ಒಂದು ಗಂಟೆಯ ಮೇಲೆ ಬಟ್ಟೆ ಬದಲಿಸಲೆಂದು ಕಾಲುಚೀಲ ತೆಗೆದರೆ, ಒಂದು ಕಾಲ್ಬೆರಳು ಕೆಂಪಗೆ ಊದಿತ್ತು. ಬುಡದಲ್ಲಿ ನನ್ನದೇ ಒಂದು ಕೂದಲು ಸುತ್ತಿಕೊಂಡು ಚರ್ಮದೊಳಕ್ಕೆ ಇಳಿದಿತ್ತು. ದೀಪದ ಕೆಳಗೆ ಹಿಡಿದು, ನಡುಗುವ ಕೈಯಲ್ಲಿ ಬಿಡಿಸಿ, ಆಸ್ಪತ್ರೆಗೆ ಓಡಿದೆವು. ಬೆರಳಿಗೆ ಏನೂ ಆಗಲಿಲ್ಲ. ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಅಪಾಯ. ಕೂದಲು ಒದ್ದೆಯಾದಾಗ ಹಿಗ್ಗುತ್ತದೆ, ಒಣಗುವಾಗ ಬಿಗಿಯುತ್ತದೆ. ಹೊತ್ತು ಕಳೆದರೆ ಬೆರಳಿಗೆ ರಕ್ತ ಹೋಗುವುದು ನಿಲ್ಲಬಹುದು. ಎಳೆ ಮಗು ಕಾರಣವಿಲ್ಲದೆ ಅತ್ತರೆ ಕೈಕಾಲಿನ ಬೆರಳುಗಳನ್ನು ಒಂದೊಂದಾಗಿ ನೋಡಿ. ಕಾಲುಚೀಲಗಳನ್ನು ಒಳಹೊರಗು ಮಾಡಿ ಒಗೆಯಿರಿ. ಕೂದಲು ಪೂರ್ತಿ ಬಿಡಿಸಲಾಗದಿದ್ದರೆ, ಬಿಡಿಸಿದ ಮೇಲೂ ಬಣ್ಣ ಸರಿಯಾಗದಿದ್ದರೆ, ತಡಮಾಡದೆ ಆಸ್ಪತ್ರೆಗೆ ಹೋಗಿ. ಸಂಕ್ರಾಂತಿಯ ದಿನ ಸಿಕ್ಕ ಐದು ಸಲಹೆಗಳಲ್ಲಿ ಇದು ಇರಲಿಲ್ಲ. ಬಾಣಂತಿಯ ಕೂದಲ ಬಗ್ಗೆ ನಿಜವಾಗಿ ಹೇಳಬೇಕಾದ ಮೊದಲ ಮಾತು ಇದೇ ಎಂದು ನನಗನ್ನಿಸುತ್ತದೆ.

ಇನ್ನು ನನ್ನ ಸ್ವಂತ ಮೂರ್ಖತನದ ಕತೆ. ಗೆಳತಿ ಹೇಳಿದ ಬಯೋಟಿನ್ ಮಾತ್ರೆಯನ್ನು ನಾನು ತಂದು ನುಂಗತೊಡಗಿದೆ. ಹಾಲೂಡಿಸುವ ತಾಯಿಗೆ ದಿನಕ್ಕೆ ಬೇಕಾದ ಬಯೋಟಿನ್ 35 ಮೈಕ್ರೋಗ್ರಾಂ. ನನ್ನ ಸೀಸೆಯ ಒಂದೊಂದು ಮಾತ್ರೆಯಲ್ಲಿ ಇದ್ದದ್ದು 10,000 ಮೈಕ್ರೋಗ್ರಾಂ, ಅಂದರೆ ಸುಮಾರು 300 ಪಟ್ಟು. ನೀರಿನಲ್ಲಿ ಕರಗುವ ವಿಟಮಿನ್, ಹೆಚ್ಚಾದದ್ದು ಮೂತ್ರದಲ್ಲಿ ಹೋಗುತ್ತದೆ, ತೊಂದರೆಯೇನು ಎಂದುಕೊಂಡೆ. ಕೂದಲು ಉದುರುತ್ತಲೇ ಇತ್ತು. ಏಪ್ರಿಲ್ ಹೊತ್ತಿಗೆ ಮೆಟ್ಟಿಲು ಹತ್ತಿದರೆ ಸುಸ್ತು, ಎಲ್ಲರೂ ಕೋಟು ಬಿಚ್ಚಿದರೂ ನನಗೆ ಚಳಿ, ಸಹೋದ್ಯೋಗಿಗಳ ಹೆಸರೇ ಮರೆತುಹೋಗುವಂಥ ಮಂಕು. ರಕ್ತ ಪರೀಕ್ಷೆ ಮಾಡಿಸಿದೆ. ಥೈರಾಯಿಡ್ ಸರಿಯಾಗಿದೆ ಎಂದು ವರದಿ ಬಂತು. ಹಾಗಾದರೆ ಇದು ಸೋಮಾರಿತನ, ಇಲ್ಲವೇ ಮನಸ್ಸಿನ ದೌರ್ಬಲ್ಯ ಎಂದು ನನ್ನನ್ನೇ ಬೈದುಕೊಂಡು ಇನ್ನೆರಡು ತಿಂಗಳು ತಳ್ಳಿದೆ.

ಜೂನ್‌ನಲ್ಲಿ ಮತ್ತೊಮ್ಮೆ ಹೋದಾಗ ರಕ್ತ ತೆಗೆಯುತ್ತಿದ್ದ ಹುಡುಗಿ ಕೇಳಿದಳು: ಕೂದಲಿಗೆಂದು ಬಯೋಟಿನ್ ತೆಗೆದುಕೊಳ್ಳುತ್ತೀರಾ? ಆ ಗಳಿಗೆಯಲ್ಲಿ ನನಗಾದ ನಾಚಿಕೆ ಹೇಳತೀರದು. ಬಯೋಟಿನ್ ಎಂಬ ಅಣುವನ್ನು ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನು ಬಿಡದೆ ಹಿಡಿದುಕೊಳ್ಳುತ್ತದೆ. ಥೈರಾಯಿಡ್ ಪರೀಕ್ಷೆಯ ಅನೇಕ ಯಂತ್ರಗಳು ಕೆಲಸ ಮಾಡುವುದು ಈ ಹಿಡಿತದ ಮೇಲೆಯೇ. ರಕ್ತದ ತುಂಬ ಬಯೋಟಿನ್ ತುಂಬಿಕೊಂಡು ಹೋದರೆ ಅದು ಯಂತ್ರದ ಜಾಗಗಳನ್ನೆಲ್ಲ ತಾನೇ ಆಕ್ರಮಿಸಿ ಲೆಕ್ಕ ತಪ್ಪಿಸುತ್ತದೆ. ಹೆಚ್ಚಿರುವ ಟಿಎಸ್‌ಎಚ್ ಕಡಿಮೆಯೆಂದು ತೋರುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ಹೃದಯಾಘಾತ ಪತ್ತೆಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆ ತಪ್ಪಬಹುದೆಂದು ಹೇಳಿತ್ತು. ಇದೇ ಜೋಡಿ ಅಣುಗಳನ್ನು ನಾನು ನನ್ನ ಪ್ರಯೋಗಶಾಲೆಯಲ್ಲಿ ವಾರಕ್ಕೆರಡು ಬಾರಿ ಬಳಸುತ್ತೇನೆ! ಬೆಳಿಗ್ಗೆ ಮಾತ್ರೆ ನುಂಗಿ, ಮಧ್ಯಾಹ್ನ ಅದೇ ಅಣುವನ್ನು ಪಿಪೆಟ್‌ನಲ್ಲಿ ಅಳೆದರೂ ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಬರಲಿಲ್ಲ. ಮಾತ್ರೆ ನಿಲ್ಲಿಸಿ ಒಂದು ವಾರದ ನಂತರ ಪರೀಕ್ಷೆ ಮಾಡಿಸಿದಾಗ ಟಿಎಸ್‌ಎಚ್ ಬಹಳ ಏರಿತ್ತು. ಹೆರಿಗೆಯ ನಂತರದ ಥೈರಾಯಿಡ್ ಉರಿಯೂತ. ಮೊದಲ ವರ್ಷದಲ್ಲಿ ನೂರಕ್ಕೆ ಐದರಿಂದ ಹತ್ತು ತಾಯಂದಿರಿಗೆ ಇದು ಬರುತ್ತದೆ. ಔಷಧಿ ಆರಂಭವಾಯಿತು. ಬೆಳಗಿನ ಕಾಫಿಗೆ ಒಂದು ಗಂಟೆ ತಡೆ ಬಿತ್ತು, ಅದೊಂದೇ ಕಷ್ಟ. ಕೆಲವು ವಾರಗಳಲ್ಲಿ ಸುಸ್ತು ಹೋಯಿತು. ಕೂದಲು 2024ರಲ್ಲಿ ನಿಧಾನವಾಗಿ ಮರಳಿತು.

ಆದ್ದರಿಂದ ತಾಯಂದಿರಿಗೆ ನನ್ನ ಮಾತು ಇಷ್ಟು. ಮೂರನೆಯ ತಿಂಗಳಿಗೆ ಕೂದಲು ಉದುರಿದರೆ ಹೆದರಬೇಡಿ. ಜಡೆ ಸಡಿಲವಾಗಿ ಹೆಣೆಯಿರಿ. ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯಂಚಿನ ಕೂದಲಿಗೆ ಇನ್ನಷ್ಟು ಪೆಟ್ಟು. ಜೊತೆಗೆ ಸುಸ್ತು, ಚಳಿ, ಎದೆಬಡಿತ, ಮಂಕು ಇದ್ದರೆ, ಅಥವಾ ವರ್ಷ ಕಳೆದರೂ ನಿಲ್ಲದಿದ್ದರೆ, ಥೈರಾಯಿಡ್ ಮತ್ತು ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಕೇಳಿ ಮಾಡಿಸಿ. ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರೂ ಸಸ್ಯಾಹಾರಿಗಳೂ ಇದನ್ನು ಮರೆಯಬಾರದು. ಊಟದ ಜೊತೆಗೇ ಕಾಫಿ ಕುಡಿದರೆ ಸೊಪ್ಪು ಕಾಳುಗಳ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ. ನಿಂಬೆಹಣ್ಣು ಹಿಂಡಿದರೆ ಹತ್ತುತ್ತದೆ. ನುಂಗುವ ಪ್ರತಿಯೊಂದು ಮಾತ್ರೆಯ ಹೆಸರನ್ನೂ ವೈದ್ಯರಿಗೆ ಹೇಳಿ. ಕೆಲವರಲ್ಲಿ ಬೈತಲೆ ಅಗಲವಾಗುವುದು ಹೆರಿಗೆಯಿಂದಲ್ಲ, ವಂಶದಿಂದ. ಅದಕ್ಕೆ ಮಿನಾಕ್ಸಿಡಿಲ್ ಇದೆ. ನಮ್ಮ ಮಿಷಿಗನ್ನಿನ ಕಲಮಜೂವಿನ ಅಪ್‌ಜಾನ್ ಕಂಪನಿ ರಕ್ತದೊತ್ತಡಕ್ಕೆಂದು ತಂದ ಮಾತ್ರೆ ಅದು. ನುಂಗಿದವರ ಮೈಮೇಲೆಲ್ಲ ಕೂದಲು ಬೆಳೆದದ್ದರಿಂದ ತಲೆಗೆ ಹಚ್ಚುವ ದ್ರವವಾಯಿತು. ಆದರೆ ಹಾಲೂಡಿಸುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಕೂಟದ ಹಿರಿಯರಿಗೂ ಒಂದು ಬಿನ್ನಹ. ನೀವು ಪ್ರೀತಿಯಿಂದಲೇ ಹೇಳುತ್ತೀರಿ, ಬಲ್ಲೆ. ಆದರೆ ಎಳೆ ಬಾಣಂತಿಯನ್ನು ಕಂಡೊಡನೆ ಕೂದಲು, ಮೈತೂಕ, ಬಣ್ಣಗಳಿಂದ ಮಾತು ಆರಂಭಿಸಬೇಡಿ. ಕನ್ನಡಿ ಅವಳ ಮನೆಯಲ್ಲೂ ಇದೆ. ಊಟವಾಯಿತೇ, ನಿದ್ದೆ ಬರುತ್ತಿದೆಯೇ, ಪರೀಕ್ಷೆ ಮಾಡಿಸಿದೆಯಾ ಎಂದು ಕೇಳಿ. "ಬಾಣಂತಿಗೆ ಕೂದಲು ಹೋಗುವುದು ಸಹಜ, ಎಣ್ಣೆ ಹಚ್ಚು" ಎಂಬ ಮಾತು ನೂರರಲ್ಲಿ ತೊಂಬತ್ತು ಸಲ ಸರಿ; ಉಳಿದ ಸಲ ಅದೇ ಮಾತಿನಿಂದ ರೋಗ ಗೊತ್ತಾಗುವುದು ತಡವಾಗುತ್ತದೆ. ಸಂಕ್ರಾಂತಿಯ ದಿನ ಬಾಗಿಲಲ್ಲಿ ನನ್ನ ಬೈತಲೆ ನೋಡಿದ ಆ ಹಿರಿಯರೇ, ಜೂನ್‌ನಲ್ಲಿ ನನ್ನ ರೋಗದ ವಿಷಯ ತಿಳಿದು, ಪ್ರತಿ ಶನಿವಾರ ಮನೆಗೆ ಬಂದು ಎರಡು ಗಂಟೆ ಮಗುವನ್ನು ನೋಡಿಕೊಂಡರು. "ನೀನು ಮಲಗು ಹೋಗೇ, ನಾನಿದ್ದೀನಿ" ಎನ್ನುತ್ತಿದ್ದರು. ಐದು ಔಷಧಿಗಳೂ ಕೊಡದ ನೆಮ್ಮದಿ ಅದರಲ್ಲಿತ್ತು.

ಅದನ್ನು ಕೂಟದ ಕೆಲಸವಾಗಿಯೇ ಏಕೆ ಮಾಡಬಾರದು? ತಾಯಿ ಅತ್ತೆಯರು ಬರಲಾಗದ ಬಾಣಂತಿಯರಿಗೆ ಮೊದಲ ಆರು ವಾರ ದಿನ ಬಿಟ್ಟು ದಿನ ಒಂದು ಮನೆಯಿಂದ ಬಾಣಂತಿ ಊಟ. ಆಮೇಲೆ ವಾರಕ್ಕೊಮ್ಮೆ ಎರಡು ಗಂಟೆ ಮಗುವನ್ನು ನೋಡಿಕೊಳ್ಳಲು ಒಬ್ಬರು. ಪರೀಕ್ಷೆಗೆ ಹೋಗಲು ಕಾರು ಓಡಿಸುವವರೊಬ್ಬರು. ಮಾಡಿದವರಿಗೂ ಇದು ದೊಡ್ಡ ಹೊರೆಯಾಗದು. ಬರುವ ಯುಗಾದಿ ಕೂಟದಲ್ಲಿ ಊಟದ ಮೇಜಿನ ಪಕ್ಕ ಒಂದು ಹಾಳೆ ಇಡಲು ಕಾರ್ಯಕಾರಿ ಸಮಿತಿ ಒಪ್ಪಿದರೆ, ಮೊದಲ ಹೆಸರು ನನ್ನದು. ಮೆಣಸಿನ ಸಾರಿನ ಜವಾಬ್ದಾರಿ ನಮ್ಮ ಮನೆಯವರದು.