ಆ ಬಾಟಲಿ ಎಲ್ಲಿ, ಸಾಹೇಬರೇ?

ಜಿಲ್ಲೆಯ ಜೇನು ಕೃಷಿಯ ಹೊಣೆ ಹೊತ್ತ ಅಧಿಕಾರಿಗಳಿಗೆ ಶಿರಸಿ ಸೀಮೆಯ ಜೇನು ಸಾಕಣೆಗಾರನೊಬ್ಬನ ನಮಸ್ಕಾರಗಳು.

ಮೂರು ಅರ್ಜಿ ಕೊಟ್ಟಾಯಿತು. ಕಚೇರಿಗೆ ಐದು ಸಲ ಅಲೆದಾಯಿತು. ಫೋನ್ ಮಾಡಿದರೆ 'ಸಾಹೇಬರು ಮೀಟಿಂಗಿನಲ್ಲಿದ್ದಾರೆ'. ಬೇರೆ ದಾರಿ ಕಾಣದೆ ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ತುಡುವೆ ಜೇನು ಸತ್ತ ಸುದ್ದಿ ಸುತ್ತಲಿನವರಿಗೆಲ್ಲ ಗೊತ್ತಿದೆ. ನನ್ನ 22 ಪೆಟ್ಟಿಗೆಗಳಲ್ಲಿ ಉಳಿದದ್ದು ನಾಲ್ಕು. ತಾವೇ ತೋಟಕ್ಕೆ ಬಂದಿದ್ದಿರಿ. ಸಂಸಾರ ಕೋಣೆಯ ಎರಿ ಎತ್ತಿ ತೋರಿಸಿದೆ. ಮರಿಹುಳುಗಳು ತಲೆ ಮೇಲೆತ್ತಿ ಅಂಗಾತ ಸತ್ತಿದ್ದವು. ಚಿಮುಟದಲ್ಲಿ ಎತ್ತಿದರೆ ನೀರು ತುಂಬಿದ ಪುಟ್ಟ ಚೀಲದಂತೆ ಇಡಿಯಾಗಿ ಬಂದವು. 'ಥಾಯ್ ಸ್ಯಾಕ್‌ಬ್ರೂಡ್ ರೋಗ ಇರಬಹುದು' ಎಂದಿರಿ. ನಾನೇ ತೊಳೆದು ಕೊಟ್ಟ ಔಷಧಿ ಬಾಟಲಿಗೆ ಹತ್ತು ಹುಳು ಹಾಕಿಕೊಂಡು, 'ಹದಿನೈದು ದಿನದಲ್ಲಿ ಲ್ಯಾಬ್ ವರದಿ ಕಳಿಸುತ್ತೇನೆ' ಎಂದು ಜೀಪು ಹತ್ತಿದಿರಿ. ಅಲ್ಲಿಂದೀಚೆಗೆ ಎರಡು ಮಳೆಗಾಲ ಕಳೆದಿವೆ.

ಈ ರೋಗ ಹೊಸದಲ್ಲ. 1976ರಲ್ಲಿ ಥೈಲ್ಯಾಂಡಿನಲ್ಲಿ ಕಂಡದ್ದು 1991-92ರ ಹೊತ್ತಿಗೆ ಕೇರಳ, ಕರ್ನಾಟಕದ ತುಡುವೆಗಳನ್ನು ಗುಡಿಸಿ ಹಾಕಿತು. ಅಪ್ಪನ ಪೆಟ್ಟಿಗೆಗಳು ಆಗಲೇ ಒಮ್ಮೆ ಅಟ್ಟ ಸೇರಿದ್ದವು. ವೈರಸ್ಸಿಗೆ ಔಷಧಿಯಿಲ್ಲ, ನನಗೂ ಗೊತ್ತು. ಬದುಕುಳಿದ ಜೇನು ಕುಟುಂಬಗಳನ್ನೇ ಪಾಲು ಮಾಡಿ ಬೆಳೆಸಬೇಕು. ಯಾವುದನ್ನು ಪಾಲು ಮಾಡಲಿ, ಯಾವುದರ ಎರಿ ಇನ್ನೊಂದಕ್ಕೆ ಸೋಕಬಾರದು? ವರದಿ ಬೇಕಿದ್ದದ್ದು ಅದಕ್ಕೆ. ತಮ್ಮ ಮಾತು ನಂಬಿ ಕಾದೆ. ನಾಲ್ಕರಲ್ಲಿ ಎರಡು ಗೂಡು ಬಿಟ್ಟು ಹೋದವು.

ವರದಿ ಬರಲಿಲ್ಲ. ಸಬ್ಸಿಡಿಯಲ್ಲಿ ಮೆಲ್ಲಿಫೆರಾ ಪೆಟ್ಟಿಗೆ ಪಡೆಯಿರಿ ಎಂಬ ಕಾಗದ ಬಂತು! 1962ರಲ್ಲಿ ಉತ್ತರ ಭಾರತದ ನಗ್ರೋಟಾದಲ್ಲಿ ನೆಲೆಯೂರಿದ ಆ ಯುರೋಪಿನ ನೊಣಕ್ಕೆ ಸಾಸಿವೆ, ಸೂರ್ಯಕಾಂತಿಯ ಬಯಲು ಒಗ್ಗುತ್ತದೆ. ಮಲೆನಾಡಿನ ಮಳೆಯಲ್ಲಿ ತಿಂಗಳುಗಟ್ಟಲೆ ಸಕ್ಕರೆ ಪಾಕ ಉಣಿಸಿ ಅದನ್ನು ಉಳಿಸಿಕೊಳ್ಳುವ ತಾಕತ್ತು ನಮಗೆಲ್ಲಿದೆ? ಒಂದೇ ದಿನ ಅರಳಿರುವ ಏಲಕ್ಕಿ ಹೂವಿಗೆ ಬೆಳಗ್ಗೆಯೇ ಇಳಿಯುತ್ತಿದ್ದುದು ನಮ್ಮ ತುಡುವೆ. ಈ ವರ್ಷ ಶರದ ತುಂಬ ಹೂವಿತ್ತು. ಕಾಯಿ ಕಟ್ಟಲಿಲ್ಲ.

ಹತ್ತು ಹುಳುವಿಗೆ ಇಷ್ಟು ಗಲಾಟೆಯೇ ಎನ್ನಬೇಡಿ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ನಾಲ್ಕು ಬಗೆಯ ದುಂಬಿಗಳು ಇಲ್ಲವಾಗಿವೆ ಎಂದು 2009ರಲ್ಲಿ ಸಂಶೋಧಕರು ಹೇಳಿದರು. ಹೇಗೆ ತಿಳಿಯಿತು? ನೂರು ವರ್ಷದ ಹಿಂದೆ ಅವನ್ನು ಯಾರೋ ಹಿಡಿದು, ಪಿನ್ನು ಚುಚ್ಚಿ, ಊರು-ತಾರೀಕು ಬರೆದ ಚೀಟಿಯೊಂದಿಗೆ ಸಂಗ್ರಹಾಲಯದಲ್ಲಿ ಜೋಪಾನ ಮಾಡಿದ್ದರು. ನಾನು ಕೊಟ್ಟ ಬಾಟಲಿಯ ಮೇಲೂ ಊರು, ತಾರೀಕು ಬರೆದಿದ್ದೆ.

ತಮ್ಮ ಇಲಾಖೆ ನಮ್ಮನ್ನು ಕೇಳುವುದು ಎಷ್ಟು ಕಿಲೋ ಜೇನುತುಪ್ಪ ಎಂದು ಮಾತ್ರ. ಯಾವ ಊರಲ್ಲಿ ಎಷ್ಟು ತುಡುವೆ ಕುಟುಂಬ ಉಳಿದಿವೆ, ಹೆಜ್ಜೇನು ಯಾವ ಮರಕ್ಕೆ ಬರುವುದನ್ನು ಬಿಟ್ಟಿತು, ಮಿಸ್ರಿ ಜೇನು ಎಲ್ಲಿ ಹೋಯಿತು ಎಂದು ನಮ್ಮನ್ನು ಇದುವರೆಗೆ ಒಬ್ಬರೂ ಕೇಳಿಲ್ಲ. ರಸ್ತೆ ಅಗಲ ಮಾಡಲು ಜೇನು ಕೂರುವ ಪೊಟರೆಯಿದ್ದ ಹಳೇ ಮರಗಳು ಉರುಳಿದವು. ಅದರ ಲೆಕ್ಕವೂ ಇಲ್ಲ. ಎಣಿಸದೆ ಯೋಜನೆ ಮಾಡುವುದು ಬೇಜವಾಬ್ದಾರಿ. ಇದಕ್ಕಿಂತ ಮೆತ್ತಗೆ ಹೇಳಲು ನನ್ನಿಂದಾಗದು.

ದೀಪಾವಳಿ ಕಳೆದರೆ ಪಾಲು ಮಾಡುವ ಕಾಲ. ಅಂಗಳದ ಎರಡು ಪೆಟ್ಟಿಗೆಗಳಲ್ಲಿ ಇನ್ನೂ ನೊಣ ಆಡುತ್ತಿವೆ. ದೀಪಾವಳಿಯೊಳಗೆ ವರದಿ ಕಳಿಸಿ. ಬಾಟಲಿ ಕಳೆದುಹೋಗಿದ್ದರೆ ಅದನ್ನಾದರೂ ಒಂದು ಸಾಲು ಬರೆದು ತಿಳಿಸಿ. ನಾನು ಬೇರೆ ಹುಳು ತೆಗೆದು ನಾನೇ ಲ್ಯಾಬಿಗೆ ಒಯ್ಯುತ್ತೇನೆ.